ಮೋಟ್ರು ಎತ್ತೋ ಮುಂಚೆ ಸ್ಟಾರ್ಟರ್ ನೋಡಿ: ‘ನನ್ ಕೈಲಿ ಆಗಲ್ಲ’ ಅನ್ನೋರಿಗೆ

ಹಾಸನದಲ್ಲಿ ನಂದೊಂದು ಮೋಟ್ರು ರೀವೈಂಡಿಂಗ್ ಅಂಗಡಿ, ಅಂದ್ರೆ ಸುಟ್ಟ ಮೋಟ್ರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ ಕೊಡೋ ಅಂಗಡಿ. ಐಟಿಐ ಮುಗಿಸ್ಕೊಂಡು ಕೆಲಸ ಕಲಿಯೋಕೆ ಅಂತ ಹುಡುಗರು ಬರ್ತಾನೇ ಇರ್ತಾರೆ, ಚನ್ನರಾಯಪಟ್ಟಣದ ಕಡೆಯೋರು, ಅರಸೀಕೆರೆ ಕಡೆಯೋರು, ಬೇಲೂರಿಂದ ಒಬ್ಬಿಬ್ರು. ಬಂದ ಹೊಸದ್ರಲ್ಲಿ ಎಲ್ರ ಬಾಯಲ್ಲೂ ಬರೋ ಮಾತು ಒಂದೇ, "ಅಣ್ಣ, ನನ್ ಕೈಲಿ ಆಗಲ್ಲ ಅನ್ಸತ್ತೆ". ಕೆಲಸ ಗೊತ್ತಿಲ್ಲ ಅಂದಿದ್ರೆ ಕಲಿಸ್ಬೋದಿತ್ತು, ಇವರು ಹೇಳೋದು ನಾನೇ ಸರಿ ಇಲ್ಲ, ನನ್ ತಲೇಲೇ ಏನೋ ಕಮ್ಮಿ ಇದೆ ಅಂತ. ಇದು ಹುಡುಗರಿಗೆ ಮಾತ್ರ ಬರೋ ಕಾಯಿಲೆ ಅಂದ್ಕೋಬೇಡಿ, ಡಿಗ್ರಿ ಮಾಡಿ ಬ್ಯಾಂಕ್ ಎಕ್ಸಾಮ್‌ಗೆ ಓದ್ತಿರೋ ಹೆಣ್ಮಕ್ಕಳು, ಶುಂಠಿ ಹಾಕಿ ಕೈ ಸುಟ್ಕೊಂಡ ರೈತರು, ಸಕಲೇಶಪುರದ ಕಡೆ ಸಾಲ ಮಾಡಿ ಹೋಂಸ್ಟೇ ತೆಗೆದ ದಂಪತಿ, ಎಲ್ರದೂ ಇದೇ ಪಾಡು. ಅಂಗಡಿಗೆ ಬಂದು ಟೀ ಕುಡೀತಾ ಕೂತ್ಕೊಂಡೋರಿಗೆ ನಾನು ಏನು ಹೇಳ್ತೀನೋ ಅದನ್ನೇ ಇಲ್ಲಿ ಬರೀತೀನಿ. ಮೋಟಿವೇಶನ್ ವೀಡಿಯೋ ನೋಡಿ ರಾತ್ರಿ ಎದೆ ಉಬ್ಬಿಸ್ಕೊಂಡು ಮಲಗಿ ಬೆಳಗ್ಗೆ ಮತ್ತೆ ಅದೇ ಜೋಲು ಮುಖ ಹಾಕ್ಕೊಂಡು ಬರೋರನ್ನ ಸಾಕಷ್ಟು ನೋಡಿದೀನಿ, ಆ ದಾರಿ ನಂಗೆ ನಂಬಿಕೆ ಇಲ್ಲ.

ಮೊದಲು ನಮ್ಮ ಕೆಲಸದ್ದೇ ಒಂದು ವಿಷ್ಯ. ತೆಂಗಿನ ತೋಟದಿಂದ ಯಾರೋ ಫೋನ್ ಮಾಡ್ತಾರೆ, "ಬೋರ್ ಮೋಟ್ರು ಸುಟ್ಟೋಯ್ತು ಕಣಣ್ಣ, ನಾಳೆನೇ ಗಾಡಿ ಕಳ್ಸು, ಎತ್ತಿಸ್ಬಿಡಾಣ". ಸಬ್‌ಮರ್ಸಿಬಲ್ ಎತ್ತೋದಂದ್ರೆ ನೂರಾರು ಅಡಿ ಪೈಪು, ಜೊತೆಗೆ ಕೇಬಲ್ಲು, ಒಂದೊಂದೇ ಲೆಂತ್ ಬಿಚ್ಕೊಂಡು ಮೇಲಕ್ಕೆ ತರ್ಬೇಕು, ಗಾಡಿ ಬಾಡಿಗೆ, ಆಳಿನ ಕೂಲಿ, ಮತ್ತೆ ಇಳಿಸೋ ಖರ್ಚು ಬೇರೆ. ಅಷ್ಟೆಲ್ಲ ಮಾಡಿ ಎತ್ತಿ ನೋಡಿದ್ರೆ ಮೋಟ್ರು ಗುಂಡ್ಕಲ್ಲಂಗೆ ಚೆನ್ನಾಗೇ ಇರತ್ತೆ, ಹಂಗಾಗೋದು ಉಂಟು. ಅದಕ್ಕೇ ಕೆಲಸ ಗೊತ್ತಿರೋನು ಬೋರ್ ಕಡೆ ತಿರುಗಿ ಕೂಡ ನೋಡದೆ ಮೊದಲು ಮೋಟ್ರು ಆನ್ ಆಫ್ ಮಾಡೋ ಸ್ಟಾರ್ಟರ್ ಡಬ್ಬದ ಹತ್ರ ಹೋಗಿ ನಿಲ್ತಾನೆ. ಮೂರು ಫೇಸೂ ಬರ್ತಿದ್ಯಾ? ಟೀಸೀಲಿ, ಅಂದ್ರೆ ಟ್ರಾನ್ಸ್‌ಫಾರ್ಮರಲ್ಲಿ, ಒಂದು ಫ್ಯೂಸ್ ಹೋಗಿದ್ರೆ ಎರಡೇ ಫೇಸ್ ಬರತ್ತೆ, ಮೋಟ್ರು ಗುಂಯ್ ಅನ್ನತ್ತೆ ತಿರುಗಲ್ಲ, ಗೊತ್ತಿಲ್ದೆ ಅದನ್ನೇ ಮತ್ತೆ ಮತ್ತೆ ಒತ್ತುತಾ ಕೂತ್ರೆ ಆಗ ನಿಜವಾಗ್ಲೂ ಸುಡತ್ತೆ. ಕರೆಂಟ್ ಜಾಸ್ತಿ ಎಳೆದ್ರೆ ಲೈನ್ ಕಟ್ ಮಾಡೋ ಓವರ್‌ಲೋಡ್ ರಿಲೇ ಟ್ರಿಪ್ ಆಗಿದ್ಯಾ, ಕಾಂಟ್ಯಾಕ್ಟ್ ಪಾಯಿಂಟ್ ಕರಕಲಾಗಿದ್ಯಾ, ಕಾಯಿಲ್ ಎಳೀತಿದ್ಯಾ. ಇದೆಲ್ಲ ಸರಿ ಇದ್ರೆ ಲೈನ್ ಆಫ್ ಮಾಡಿ ಮೆಗ್ಗರ್ ಅನ್ನೋ ಇನ್ಸುಲೇಷನ್ ಮೀಟರ್ ಹಾಕಿ ಕೇಬಲ್ಲೋ ವೈಂಡಿಂಗೋ ಅರ್ತ್ ಆಗಿದ್ಯಾ, ಅಂದ್ರೆ ಕರೆಂಟ್ ಲೀಕ್ ಆಗ್ತಿದ್ಯಾ ನೋಡೋದು. ಮೋಟ್ರು ಓಡ್ತಿದೆ ನೀರು ಬರ್ತಿಲ್ಲ ಅಂದ್ರೆ ಕ್ಲ್ಯಾಂಪ್ ಮೀಟರಲ್ಲಿ ಆಂಪ್ಸ್ ನೋಡೋದು, ತೀರಾ ಕಮ್ಮಿ ತೋರಿಸಿದ್ರೆ ಬೋರಲ್ಲಿ ನೀರೇ ಕೆಳಗೆ ಹೋಗಿರ್ಬೋದು ಇಲ್ಲ ಮೋಟ್ರಿಗೂ ಪಂಪಿಗೂ ಮಧ್ಯದ ಕಪ್ಲಿಂಗ್ ಕಟ್ ಆಗಿರ್ಬೋದು, ಜಾಸ್ತಿ ತೋರಿಸಿದ್ರೆ ಮರಳು ಸೇರಿ ಪಂಪ್ ಹಿಡ್ಕೊಂಡಿರ್ಬೋದು. ಇಷ್ಟೆಲ್ಲ ಆದ್ಮೇಲೆ ಎತ್ತೋ ಮಾತು. (ಇದನ್ನ ಓದ್ಕೊಂಡು ಯಾರೂ ಸ್ಟಾರ್ಟರ್ ಬಿಚ್ಚೋಕೆ ಹೋಗ್ಬೇಡಿ ಮತ್ತೆ, ಒಳಗೆ ನಾನೂರು ಚಿಲ್ರೆ ವೋಲ್ಟ್ ಇರತ್ತೆ, ಗೊತ್ತಿರೋರನ್ನ ಕರೀರಿ.)

ನಮ್ಮ ಬಗ್ಗೆ ನಮಗೇ ಅನುಮಾನ ಬಂದಾಗ ನಾವು ಮಾಡೋದೇನು ಅಂದ್ರೆ ಸೀದಾ ಗಾಡಿ ಕರೆಸಿ ಮೋಟ್ರು ಎತ್ತಿಸ್ತೀವಿ. ಒಂದು ಇಂಟರ್‌ವ್ಯೂ ಹೋಯ್ತಾ, ನಾನೇ ವೇಸ್ಟು. ಒಂದು ಸಬ್ಜೆಕ್ಟ್ ಬ್ಯಾಕ್ ಉಳೀತಾ, ನಂಗೆ ಓದು ಹತ್ತಲ್ಲ. ಒಬ್ಬ ಕಸ್ಟಮರ್ ಬೈದು ಹೋದ್ನಾ, ವ್ಯಾಪಾರ ನಮ್ಮಂಥೋರಿಗಲ್ಲ. ಎಲ್ಲಿ ಕೆಟ್ಟಿದೆ ಅಂತ ನೋಡೋ ಮೊದಲೇ ಪೂರ್ತಿ ಮನುಷ್ಯನನ್ನೇ ಕೆಟ್ಟೋಗಿದೆ ಅಂತ ಬರೆದು ಒಗೆದುಬಿಡೋದು.

ಹಂಗಾಗಿ ಮಾಡ್ಬೇಕಾದ ಮೊದಲ ಕೆಲಸ ಒಂದು ಹಾಳೆ ತಗೊಂಡು ಏನಾಯ್ತು ಅಂತ ಬರೆಯೋದು, ಅದೂ ಹೆಂಗೆ ಅಂದ್ರೆ ಪಕ್ಕದಲ್ಲಿ ನಿಂತು ನೋಡಿದೋನು ಹೇಳೋ ತರ. "ನಾನು ದಡ್ಡಿ, ಮಾನ ಹೋಯ್ತು" ಅಂತ ಬರೆದ್ರೆ ಅದನ್ನ ಹೊಡೆದಾಕಿ, ಪಕ್ಕದಲ್ಲಿ ನಿಂತೋರಿಗೆ ಅದು ಕಾಣಲ್ಲ. ಇಂಟರ್‌ವ್ಯೂಗೆ ಹೋಗಿ ಬಂದ ಹುಡುಗಿ ಆದ್ರೆ "ಮೂರನೇ ಪ್ರಶ್ನೆ ಕೇಳಿದ್ರು, ಉತ್ತರ ಗೊತ್ತಿತ್ತು, ಇಂಗ್ಲಿಷಲ್ಲಿ ಶುರು ಮಾಡೋಕೆ ಹೋಗಿ ಮೊದಲ ವಾಕ್ಯದಲ್ಲೇ ನಿಂತೋಯ್ತು" ಅಂತ ಬರೀರಿ. ಈಗ ನೋಡಿ, ಕೆಟ್ಟಿರೋದು ಮೊದಲ ವಾಕ್ಯ. ವಿಷ್ಯ ಗೊತ್ತಿದೆ, ಧೈರ್ಯವಾಗಿ ಒಳಗೂ ಹೋಗಿದಾಳೆ, ಎರಡು ಪ್ರಶ್ನೆಗೆ ಉತ್ತರಾನೂ ಕೊಟ್ಟಿದಾಳೆ. ಮೊದಲ ವಾಕ್ಯ ರಿಪೇರಿ ಮಾಡೋಕೆ ದಾರಿ ಇದೆ, ಪದೇ ಪದೇ ಬರೋ ಹತ್ತು ಪ್ರಶ್ನೆಗೆ ಉತ್ತರದ ಮೊದಲ ವಾಕ್ಯ ಮಾತ್ರ ಬರ್ಕೊಂಡು ಅಡುಗೆ ಮಾಡ್ತಾ ಬಾಯಲ್ಲಿ ಹೇಳ್ಕೊಳೋದು, ಮಿಕ್ಕಿದ್ದು ತಾನಾಗೇ ಬರತ್ತೆ. ‘ನಾನು ದಡ್ಡಿ’ ಅನ್ನೋದನ್ನ ರಿಪೇರಿ ಮಾಡೋಕೆ ಯಾವ ಅಂಗಡೀಲೂ ಟೂಲ್ ಇಲ್ಲ.

ನಮ್ಮಲ್ಲಿಗೆ ಬಂದಿದ್ದ ಒಬ್ಬ ಹುಡುಗ "ನಂಗೆ ವೈಂಡಿಂಗ್ ಬರಲ್ಲ" ಅಂತಲೇ ಕೂತಿದ್ದ. ಒಂದಿನ ಮಧ್ಯಾಹ್ನ ಕೆಲಸ ಕಮ್ಮಿ ಇತ್ತು, ಕೂರಿಸ್ಕೊಂಡು ಕೇಳ್ದೆ.

"ಹಳೆ ವೈಂಡಿಂಗ್ ಕತ್ತರಿಸಿ ತೆಗೀತೀಯಾ?"

"ತೆಗೀತೀನಣ್ಣ."

"ಟರ್ನ್ಸ್ ಎಣಿಸಿ, ಗೇಜ್ ನೋಡಿ ಬರ್ಕೊತೀಯಾ?"

"ಅದು ಬರತ್ತೆ."

"ಸ್ಲಾಟ್ ಪೇಪರ್ ಮಡಚಿ ಹಾಕೋದು? ಫಾರ್ಮರ್ ಅಚ್ಚಿನ ಮೇಲೆ ಕಾಯಿಲ್ ಸುತ್ತೋದು? ಸ್ಲಾಟ್‌ಗೆ ಕೂರಿಸೋದು?"

"ಅದೆಲ್ಲ ಮಾಡ್ತೀನಿ, ಕನೆಕ್ಷನ್ ಕೊಡೋದು ಬರಲ್ಲ. ಯಾವ್ ತುದಿ ಯಾವುದಕ್ಕೆ ಅಂತ ತಲೆ ತಿರುಗತ್ತೆ."

ವೈಂಡಿಂಗ್ ಅನ್ನೋ ಕೆಲಸದಲ್ಲಿ ಅವ್ನಿಗೆ ಬರದೇ ಇದ್ದಿದ್ದು ಅದೊಂದೇ, ಆದ್ರೆ ಅವ್ನ ಬಾಯಲ್ಲಿ ಅದು ‘ವೈಂಡಿಂಗ್ ಬರಲ್ಲ’ ಆಗಿತ್ತು, ಆಮೇಲಾಮೇಲೆ ‘ಈ ಲೈನೇ ನಂಗಲ್ಲ’ ಅಂತಾಗಿ ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೋಗ್ತೀನಿ ಅನ್ನೋ ಮಟ್ಟಕ್ಕೆ ಬಂದಿತ್ತು. ಒಂದು ಗುಜರಿ ಸ್ಟೇಟರ್ (ಮೋಟ್ರಲ್ಲಿ ತಿರುಗದೇ ಇರೋ ಭಾಗ, ವೈಂಡಿಂಗ್ ಕೂರೋದು ಅದ್ರಲ್ಲೇ) ಕೊಟ್ಟು, ಮೂರು ಫೇಸಿಗೆ ಮೂರು ಬಣ್ಣದ ದಾರ ಕೊಟ್ಟು, ತಾಮ್ರ ಮುಟ್ಟಬೇಡ, ದಾರದಲ್ಲೇ ಕನೆಕ್ಷನ್ ಕಟ್ಟು ಅಂದೆ. ತಪ್ಪಾದ್ರೆ ಬಿಚ್ಚಿದ್ರಾಯ್ತು, ದಾರ ತಾನೆ. ಅದೇ ಆಟ ಆಡ್ತಾ ಆಡ್ತಾ ಕನೆಕ್ಷನ್ ಕೈಗೆ ಬಂತು. ದೊಡ್ಡ ಮಾತನ್ನ ಚೂರು ಚೂರು ಮಾಡಿ, ಅದ್ರಲ್ಲಿ ಬರೋದಕ್ಕೆಲ್ಲ ಟಿಕ್ ಹಾಕಿ, ಬರದೇ ಇರೋ ಒಂದನ್ನ ತಪ್ಪಾದ್ರೂ ನಷ್ಟ ಆಗದ ಜಾಗದಲ್ಲಿ ಕಲಿಯೋದು, ಇಷ್ಟೇ ಕಣ್ರೀ. ಹೋಂಸ್ಟೇಯೋರಿಗೂ ನಾನು ಅದನ್ನೇ ಹೇಳಿದ್ದು, ಮೊದಲ ಗೆಸ್ಟ್ ದುಡ್ಡು ಕೊಡೋರೇ ಆಗ್ಬೇಕು ಅಂತೇನಿಲ್ಲ, ನಿಮ್ಮ ಅತ್ತೆ ಮಗಳನ್ನ ಎರಡು ದಿನ ಗೆಸ್ಟ್ ತರ ಇರಿಸ್ಕೊಂಡು ಮುಲಾಜಿಲ್ದೆ ತಪ್ಪು ಹೇಳು ಅನ್ನಿ, ಗೀಸರ್ ಬಿಸಿ ಆಗಲ್ಲ, ತಿಂಡಿ ಲೇಟು ಅಂತೆಲ್ಲ ಅವಳೇ ಹೇಳ್ತಾಳೆ.

ಈ ಚೂರು ಮಾಡೋ ಕೆಲಸದ ಹಿಂದೆ ಓದಿಕೊಂಡೋರ ಬಲಾನೂ ಇದೆ. ಆಲ್ಬರ್ಟ್ ಬಂಡೂರ ಅಂತ ಮನಶ್ಶಾಸ್ತ್ರದ ಪ್ರೊಫೆಸರ್, ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟೀಲಿ ಇದ್ದೋರು, ‘ನನ್ನಿಂದ ಆಗತ್ತೆ’ ಅನ್ನೋ ನಂಬಿಕೆ ಎಲ್ಲಿಂದ ಬರತ್ತೆ ಅಂತ 1977ರಲ್ಲಿ ಒಂದು ಪ್ರಬಂಧ ಬರೆದ್ರು. ನಾಲ್ಕು ಕಡೆಯಿಂದ ಬರತ್ತೆ ಅಂತಾರೆ. ಎಲ್ಲಕ್ಕಿಂತ ಗಟ್ಟಿಯಾದ್ದು ಸ್ವಂತ ಕೈಯಾರೆ ಮಾಡಿ ಮುಗಿಸಿದ ಅನುಭವ. ಆಮೇಲೆ ನಮ್ಮಂಥೋನೇ ಒಬ್ಬ ಮಾಡಿದ್ದನ್ನ ನೋಡೋದು. ಆಮೇಲೆ ಬೇರೆಯೋರ ಹುರಿದುಂಬಿಸೋ ಮಾತು. ಕೊನೇದು ಆ ಹೊತ್ತಿಗೆ ನಮ್ಮ ಮೈ ಹೆಂಗಿದೆ ಅನ್ನೋದು. ನಾವೆಲ್ಲ ಮೂರನೇದನ್ನೇ ನೆಚ್ಕೊಂಡು ಕೂತಿರ್ತೀವಿ, ಯಾರಾದ್ರೂ ‘ನಿನ್ ಕೈಲಾಗತ್ತೆ ಕಣೋ’ ಅನ್ಲಿ ಅಂತ ಕಾಯ್ತೀವಿ, ಬರೀ ಮಾತಿಂದ ಬಂದ ಧೈರ್ಯ ಕೆಲಸ ಕೈಕೊಟ್ಟ ತಕ್ಷಣ ಇಳಿದುಹೋಗತ್ತೆ. ಅದಕ್ಕೇ ಹೆದರಿಕೆ ಪೂರ್ತಿ ಹೋದ್ಮೇಲೆ ಶುರು ಮಾಡ್ತೀನಿ ಅಂತ ಕಾಯೋದು ಬೇಡ, ಮಾಡ್ತಾ ಮಾಡ್ತಾನೇ ಅದು ಸಡಿಲ ಆಗೋದು. ಎರಡನೇದು ನಮ್ಮೂರುಗಳಲ್ಲಿ ಸುಲಭ, ದೂರದ ಸಾಧಕರನ್ನ ನೋಡೋದಕ್ಕಿಂತ ನಿಮ್ಮ ಬೀದೀಲೇ ಎರಡು ವರ್ಷ ಮುಂದೆ ಇರೋನನ್ನ ಹುಡುಕಿ, ನಿಮ್ಮ ಕಾಲೇಜಲ್ಲೇ ಓದಿ ಪಿಡಿಒ ಆದ ಅಕ್ಕ ಸಿಕ್ರೆ ಯಾವ ಟೈಮಲ್ಲಿ ಓದ್ತಿದ್ದೆ, ಎಲ್ಲಿ ಒದ್ದಾಡ್ದೆ ಅಂತ ಕೇಳಿ.

ಮೈ ವಿಷ್ಯ ಸಣ್ಣದು ಅನ್ಸತ್ತೆ, ಸಣ್ಣದಲ್ಲ. ಖಾಲಿ ಹೊಟ್ಟೇಲಿ ಮೂರು ಲೋಟ ಕಾಫಿ ಕುಡಿದು, ರಾತ್ರಿ ಎರಡರವರೆಗೆ ರೀಲ್ಸ್ ನೋಡಿ, ಬೆಳಗ್ಗೆ ಕೈ ನಡುಗಿದ್ರೆ ಅದು ನಿಮ್ಮ ಯೋಗ್ಯತೆ ಬಗ್ಗೆ ಏನೂ ಹೇಳ್ತಿಲ್ಲ. ಕಾಫಿ ಸೀಮೇಲಿದ್ಕೊಂಡು ಕಾಫಿ ಬಿಡಿ ಅನ್ನೋಕೆ ನಂಗೂ ಬಾಯಿ ಬರಲ್ಲ, ತಿಂಡಿ ತಿಂದ್ಮೇಲೆ ಕುಡೀರಿ ಅಷ್ಟೆ.

ಇನ್ನೊಂದು ವಿಚಾರ, ಚೆನ್ನಾಗಿ ಕೆಲಸ ಮಾಡೋರಿಗೆ ಈ ಅನುಮಾನ ಬರಲ್ಲ ಅನ್ನೋದು ಸುಳ್ಳು. ಪಾಲಿನ್ ಕ್ಲ್ಯಾನ್ಸ್, ಸುಝಾನ್ ಐಮ್ಸ್ ಅನ್ನೋ ಇಬ್ರು 1978ರಲ್ಲಿ ಬರೆದಿದ್ದೇ ಓದು, ಉದ್ಯೋಗ ಎರಡರಲ್ಲೂ ಒಳ್ಳೆ ಹೆಸರು ಮಾಡಿದ್ದ ಹೆಂಗಸರ ಬಗ್ಗೆ, ಅಷ್ಟು ಸಾಧಿಸಿದ್ರೂ ‘ನಂಗೆ ಇದೆಲ್ಲ ಅದೃಷ್ಟದಿಂದ ಬಂತು, ಇವತ್ತಲ್ಲ ನಾಳೆ ಬಣ್ಣ ಬಯಲಾಗತ್ತೆ’ ಅಂತ ಒಳಗೊಳಗೇ ಹೆದರ್ತಿದ್ರಂತೆ. ಹಂಗಾಗಿ ಅನುಮಾನ ಬಂತು ಅನ್ನೋದನ್ನೇ ಸಾಕ್ಷಿ ಅಂತ ಇಟ್ಕೋಬೇಡಿ.

ಈಗ ಆ ನಾಲ್ಕು ಜನದ ವಿಷ್ಯಕ್ಕೆ ಬರೋಣ. ನಾಲ್ಕು ಜನ ಏನಂತಾರೆ ಅನ್ನೋ ಭಯ ನಮ್ಮ ಕಡೆ ಅರ್ಧ ಜೀವ ತಿನ್ನತ್ತೆ. ಥಾಮಸ್ ಗಿಲೋವಿಚ್ ಅನ್ನೋರು ಮತ್ತೆ ಅವರ ಜೊತೆಯೋರು 2000ನೇ ಇಸವೀಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ, ಮಜವಾಗಿದೆ. ಕಾಲೇಜು ಹುಡುಗರಿಗೆ ಹಾಕ್ಕೊಳೋಕೆ ನಾಚಿಕೆ ಆಗೋ ಅಂಥ ಒಂದು ಟೀಶರ್ಟ್ ಹಾಕಿಸಿ, ಜನ ಕೂತಿರೋ ರೂಮಿಗೆ ಕಳಿಸಿ, ಎಷ್ಟು ಜನ ನೋಡಿರ್ಬೋದು ಅಂತ ಕೇಳಿದ್ರು. ಹೆಚ್ಚುಕಮ್ಮಿ ಅರ್ಧ ಜನ ನೋಡಿರ್ತಾರೆ ಅಂದ್ಕೊಂಡಿದ್ರು ಹಾಕ್ಕೊಂಡೋರು, ನಿಜವಾಗಿ ಗಮನಿಸಿದ್ದು ಕಾಲು ಭಾಗದಷ್ಟು ಜನ. ನಮ್ಮ ಮದುವೆ ಮನೇಲಿ ಲೆಕ್ಕ ಸ್ವಲ್ಪ ಜಾಸ್ತಿ ಬರ್ಬೋದು ಅನ್ನಿ, ದೊಡ್ಡಮ್ಮಂದಿರ ಕಣ್ಣಿಗೆ ಏನೂ ತಪ್ಪಲ್ಲ. ಆದ್ರೂ ಊಟದ ಪಂಕ್ತೀಲಿ "ಏನ್ಮಾಡ್ತಿದೀಯಪ್ಪ ಈಗ" ಅಂತ ಕೇಳಿದೋರು ನಿಮ್ಮ ಉತ್ತರ ಮುಗಿಯೋ ಮೊದಲೇ ಪಾಯಸ ಬಡಿಸೋನ ಕಡೆ ತಿರುಗಿರ್ತಾರೆ. ಅದಕ್ಕೆ ಉತ್ತರ ಮೊದಲೇ ರೆಡಿ ಮಾಡ್ಕೊಂಡು ಹೋಗಿ. "ಇಂಥ ಎಕ್ಸಾಮ್ ಕಟ್ಟಿದೀನಿ ದೊಡ್ಡಮ್ಮ, ಜೊತೆಗೆ ಟ್ಯೂಷನ್ ಹೇಳ್ತಿದೀನಿ, ನಿಮ್ ಮಂಡಿ ನೋವು ಹೆಂಗಿದೆ?" ಮಂಡಿ ನೋವಿನ ಮಾತು ಶುರುವಾಯ್ತಂದ್ರೆ ನೀವು ಗೆದ್ರಿ.

ಹಿಂಗೆ ‘ಇಂಥದ್ದಾದ್ರೆ ಇಂಥದ್ದು ಮಾಡ್ತೀನಿ’ ಅಂತ ಮೊದಲೇ ಕಟ್ಟಿಟ್ಕೊಳೋದರ ಮೇಲೆ ಪೀಟರ್ ಗೋಲ್ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞರು ತುಂಬಾ ಕೆಲಸ ಮಾಡಿದಾರೆ. ಬರೀ ‘ಚೆನ್ನಾಗಿ ಮಾಡ್ತೀನಿ’ ಅನ್ನೋ ಸಂಕಲ್ಪಕ್ಕಿಂತ ಇದು ಕೆಲಸಕ್ಕೆ ಬರತ್ತೆ. ನಾಲಿಗೆ ಒಣಗಿದ್ರೆ ನೀರು ಕೇಳ್ತೀನಿ. ಪ್ರಶ್ನೆ ಅರ್ಥ ಆಗ್ದಿದ್ರೆ ಇನ್ನೊಂದ್ಸಲ ಹೇಳಿ ಸರ್ ಅಂತೀನಿ. ರಾತ್ರಿ ಊಟ ಆಗಿ ತಟ್ಟೆ ತೊಳೆದಿಟ್ಟ ತಕ್ಷಣ ಪುಸ್ತಕ ತೆಗೀತೀನಿ. ತಲೆ ಕೆಲಸ ಮಾಡ್ದೇ ಇರೋ ಹೊತ್ತಿಗೆ ಅಂತಲೇ ಇದನ್ನ ತಲೆ ತಣ್ಣಗಿರೋವಾಗ ಬರ್ದಿಟ್ಕೋಬೇಕು.

ನಷ್ಟ ಆದೋರ ಅನುಮಾನ ಇನ್ನೊಂದು ತರ, ಅದು ಸ್ವಲ್ಪ ಕಷ್ಟದ್ದು. ಹಾಸನದ ಆಲೂಗಡ್ಡೆ ನೋಡಿ. ಪಂಜಾಬಿನ ಜಲಂಧರಿಂದ ಬಿತ್ತನೆ ಗಡ್ಡೆ ಬರತ್ತೆ, ಮುಂಗಾರಿಗೆ ಮುಂಚಿನ ಮಳೆಗೆ ಹಾಕ್ತಾರೆ, ಆಮೇಲೆ ಮೋಡ ಮುಚ್ಕೊಂಡು ಜಡಿ ಹಿಡಿದು ಥಂಡಿ ಆಯ್ತಂದ್ರೆ ಅಂಗಮಾರಿ ಬಂದು ಹಸಿರಾಗಿದ್ದ ಹೊಲ ಕೆಲವೇ ದಿನದಲ್ಲಿ ಕರಕಲು. ಎಷ್ಟೋ ಜನ ಅದರ ಸಹವಾಸ ಸಾಕು ಅಂತ ಜೋಳಕ್ಕೆ, ಶುಂಠಿಗೆ ಹೋದ್ರು, ಶುಂಠೀಲಿ ಕೊಳೆ ರೋಗ, ರೇಟಿನ ಏರಿಳಿತ. ಇಂಥ ಕಡೆ ‘ನನ್ ಕೈಗುಣವೇ ಸರಿ ಇಲ್ಲ’ ಅಂತ ಕೂತ್ಕೊಳೋದು ಸಹಜ, ಆದ್ರೆ ಲೆಕ್ಕ ಸರಿ ಅಲ್ಲ. ಹಾಳೆ ಮಧ್ಯೆ ಒಂದು ಗೆರೆ ಎಳೀರಿ. ಒಂದ್ಕಡೆ ಮೋಡ, ಮಳೆ, ಮಾರ್ಕೆಟ್ ರೇಟು. ಇನ್ನೊಂದ್ಕಡೆ ಬಿತ್ತನೆ ಗಡ್ಡೆ ಆರಿಸಿದ್ದು ಹೆಂಗೆ, ಹೊಲದಲ್ಲಿ ನೀರು ನಿಲ್ದಂಗೆ ಕಾಲುವೆ ತೆಗ್ದಿದ್ನಾ, ರೋಗ ಕಾಣೋ ಮೊದಲೇ ಔಷಧಿ ಹೊಡ್ದಿದ್ನಾ ಇಲ್ಲ ಎಲೆ ಕಪ್ಪಾದ್ಮೇಲೆ ಓಡಿದ್ನಾ, ಇದ್ದಿದ್ದನ್ನೆಲ್ಲ ಒಂದೇ ಬೆಳೆಗೆ ಸುರಿದ್ನಾ. ಮೊದಲ ಪಟ್ಟೀದು ನಿಮ್ಮ ತಪ್ಪಲ್ಲ, ಅದಕ್ಕೆ ನಿಮ್ಮನ್ನ ಬೈಕೋಬೇಡಿ. ಎರಡನೇದ್ರಲ್ಲಿ ಮುಂದಿನ ಸಲಕ್ಕೆ ಒಂದೇ ಒಂದು ಆರಿಸಿ. ಎಲ್ಲಾ ಒಟ್ಟಿಗೆ ಬದಲಾಯಿಸೋಕೆ ಹೋದೋರು ಯಾವುದ್ರಿಂದ ಸರಿ ಹೋಯ್ತು ಅಂತಲೂ ಗೊತ್ತಾಗ್ದೆ ಸುಸ್ತಾಗ್ತಾರೆ. ಕೆಲವು ಸಲ ಉತ್ತರ ‘ಈ ಬೆಳೆ ಬಿಡೋದು’ ಅಂತಲೇ ಇರತ್ತೆ, ಲೆಕ್ಕ ಹಾಕಿ ಬಿಡೋನನ್ನ ನಾನು ಸೋತೋನು ಅನ್ನಲ್ಲ.

ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಹೆಸರು ಎಲ್ರೂ ಹೇಳ್ತಾರೆ, 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ ಕಮ್ಮಿ ದುಡ್ಡಿಗೆ ವಿಮಾನ ಹತ್ತಿಸಿದೋರು. ಅಷ್ಟೇ ಕೇಳಿದ್ರೆ ‘ಅವರೆಲ್ಲಿ ನಾವೆಲ್ಲಿ’ ಅನ್ಸತ್ತೆ, ಉಪಯೋಗ ಇಲ್ಲ. ಅದರ ಹಿಂದಿನದ್ದು ನೋಡಿ. ಮಿಲಿಟರಿ ಬಿಟ್ಟು ಬಂದ್ರು, ಮನೆ ಜಮೀನು ಹೇಮಾವತಿ ಡ್ಯಾಮಲ್ಲಿ ಮುಳುಗ್ತು, ಜಾವಗಲ್ ಹತ್ರ ಬರಡು ಭೂಮೀಲಿ ಬೇಸಾಯ ಶುರು ಮಾಡಿದ್ರು, ರೇಷ್ಮೆಗೆ ಕೈ ಹಾಕಿದ್ರು, ಹಾಸನದಲ್ಲಿ ಎನ್‌ಫೀಲ್ಡ್ ಡೀಲರ್‌ಶಿಪ್, ಹೋಟೆಲ್ಲು ಅಂತ ಏನೇನೋ ಮಾಡಿದ್ರು, ರೇಷ್ಮೆ ಕೆಲಸಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು, ಆಮೇಲೆ ಹೆಲಿಕಾಪ್ಟರು, ಆಮೇಲೆ ವಿಮಾನ. ಆ ಏರ್‌ಲೈನ್ಸೂ ಕೊನೆಗೆ ಕಿಂಗ್‌ಫಿಷರ್ ಜೊತೆ ಸೇರೋಯ್ತು, ಅದರ ನಂತರ ಮಾಡಿದ ಕಾರ್ಗೋ ಕಂಪ್ನಿ ನಿಂತೋಯ್ತು. ನಂಗೆ ಇದ್ರಲ್ಲಿ ಇಷ್ಟ ಆಗೋದು ವಿಮಾನ ಅಲ್ಲ, ಬರಡು ಜಮೀನು ಕೈಗೆ ಬಂದಾಗ ‘ನನ್ ಹಣೆಬರಹ’ ಅಂತ ಕೂರದೆ ಇಲ್ಲಿ ಏನು ಬೆಳೀಬೋದು ಅಂತ ಕೇಳಿದ್ದು.

ಸಹಾಯ ಕೇಳೋದು ಹೆಂಗೆ ಅಂತ ಯಾರೂ ಹೇಳ್ಕೊಡಲ್ಲ, ಅದನ್ನ ನಾನು ನಮ್ಮ ಹುಡುಗರಿಗೆ ಪಾಠದ ತರ ಹೇಳ್ತೀನಿ. ಸೈಟಿಂದ ಫೋನ್ ಮಾಡಿ "ಅಣ್ಣ ಮೋಟ್ರು ಓಡ್ತಿಲ್ಲ, ಏನ್ಮಾಡ್ಲಿ" ಅಂದ್ರೆ ನಾನು ಫೋನ್ ಇಡ್ತೀನಿ. "ಅಣ್ಣ, ಮೂರು ಫೇಸ್ ಇದೆ, ಆನ್ ಮಾಡಿದ್ರೆ ಸ್ವಲ್ಪ ಓಡಿ ರಿಲೇ ಟ್ರಿಪ್ ಆಗ್ತಿದೆ, ಆಂಪ್ಸ್ ಜಾಸ್ತಿ ತೋರಿಸ್ತಿದೆ, ಪಂಪ್ ಜಾಮ್ ಇರ್ಬೋದಾ?" ಅಂದ್ರೆ ಕೂತು ಅರ್ಧ ಗಂಟೆ ಮಾತಾಡ್ತೀನಿ. ಏನಾಗಿದೆ, ನಾನು ಏನೇನು ನೋಡಿದೀನಿ, ನಂಗೇನನ್ಸತ್ತೆ, ಈ ಮೂರು ಹೇಳಿದ್ರೆ ಎಂಥ ಸಿಡುಕನೂ ಸಹಾಯ ಮಾಡ್ತಾನೆ, ಮತ್ತೆ ಅರ್ಧ ಸಲ ಈ ಮೂರನ್ನ ಜೋಡಿಸ್ಕೊಳೋ ಹೊತ್ತಿಗೇ ಉತ್ತರ ಹೊಳೆದಿರತ್ತೆ, ಫೋನೇ ಮಾಡಲ್ಲ. ಹೆಣ್ಮಕ್ಕಳು, ಸಂಕೋಚದೋರು, ಕೇಳಿದ್ರೆ ದಡ್ಡಿ ಅಂದ್ಕೊತಾರೆ ಅಂತ ಸುಮ್ನಾಗ್ತಾರೆ, ಹಿಂಗೆ ಕೇಳಿದ್ರೆ ದಡ್ಡಿ ಅನ್ನೋ ಮಾತೇ ಬರಲ್ಲ.

ಬೆನ್ನಿಗೊಬ್ರು ಇರ್ಬೇಕು ಅನ್ನೋದೂ ನಿಜ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನ ಎಮ್ಮಿ ವರ್ನರ್ ಮತ್ತೆ ಜೊತೆಗಾರರು ದೊಡ್ಡೋರಾಗೋವರೆಗೆ ಗಮನಿಸ್ತಾ ಬಂದ್ರು. ಬಡತನ, ಮನೇಲಿ ಜಗಳ, ಕುಡಿತ, ಇಂಥ ಕಷ್ಟದಲ್ಲಿ ಬೆಳೆದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗ ಗಟ್ಟಿಯಾಗಿ ನಿಂತ್ರು, ಅಂಥೋರ ಬದುಕಲ್ಲಿ ಮತ್ತೆ ಮತ್ತೆ ಕಂಡಿದ್ದು ಅಕ್ಕರೆಯಿಂದ ನೋಡ್ಕೊಂಡ ಒಬ್ರಾದ್ರೂ ದೊಡ್ಡೋರು, ಅಜ್ಜಿನೋ ಚಿಕ್ಕಮ್ಮನೋ ಮೇಷ್ಟ್ರೋ. ನಿಮಗೆ ಅಂಥೋರು ಇದ್ರೆ ವಾರಕ್ಕೊಂದ್ಸಲ ಹೋಗಿ ಮಾತಾಡಿಸ್ಕೊಂಡು ಬನ್ನಿ, ಸಲಹೆ ಕೇಳೋಕೇ ಹೋಗ್ಬೇಕು ಅಂತಿಲ್ಲ.

ಇದ್ಯಾವುದೂ ಹತ್ತದೇ ಇರೋ ಸ್ಥಿತಿ ಒಂದಿದೆ, ಅದನ್ನ ಹೇಳ್ದೆ ಹೋದ್ರೆ ತಪ್ಪಾಗತ್ತೆ. ಎರಡು ವಾರ ಮೀರಿ ನಿದ್ದೆ ಇಲ್ಲ, ಊಟ ಸೇರಲ್ಲ, ಮೊದಲು ಖುಷಿ ಕೊಡ್ತಿದ್ದ ಯಾವುದೂ ಬೇಡ ಅನ್ಸತ್ತೆ, ಇಲ್ಲ ಬದುಕಿದ್ದೇನು ಪ್ರಯೋಜನ ಅನ್ನೋ ಯೋಚನೆ ಬರತ್ತೆ ಅಂದ್ರೆ ಹಾಳೆ ಪೆನ್ನು ಪಕ್ಕಕ್ಕಿಡಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416, ದಿನದ 24 ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ಬೋದು. ಜಿಲ್ಲಾಸ್ಪತ್ರೇಲಿ ಮನೋವೈದ್ಯರು ಸಿಗ್ತಾರೆ. ಜ್ವರಕ್ಕೆ ಹೋದಂಗೇ ಹೋಗಿ ಬನ್ನಿ.

ಕೊನೇದಾಗಿ ಒಂದು ಪುಸ್ತಕ ಇಡಿ. ನಮ್ಮ ಅಂಗಡೀಲಿ ಒಂದು ಉದ್ದನೆ ಪುಸ್ತಕ ಇದೆ, ಎಡಗಡೆ ಗಿರಾಕಿ ಏನು ಕಂಪ್ಲೇಂಟ್ ಹೇಳಿದ್ರು ಅಂತ, ಬಲಗಡೆ ಬಿಚ್ಚಿ ನೋಡಿದಾಗ ಏನಿತ್ತು ಅಂತ. ಎಡಗಡೆ ಪೂರ್ತಿ ‘ಸುಟ್ಟಿದೆ’, ‘ಸುಟ್ಟಿದೆ’, ‘ಪೂರ್ತಿ ಹೋಗಿದೆ’ ಅಂತಲೇ ಇರತ್ತೆ. ಬಲಗಡೆ ಫ್ಯೂಸ್, ಲೂಸ್ ಕನೆಕ್ಷನ್, ರಿಲೇ, ಹಲ್ಲಿ ಸಿಕ್ಕಾಕೊಂಡು ಕಾಂಟ್ಯಾಕ್ಟ್ ಕೂರ್ತಿಲ್ಲ, ಮಧ್ಯೆ ಎಲ್ಲೋ ನಿಜವಾಗ್ಲೂ ಸುಟ್ಟಿರೋದೂ ಇರತ್ತೆ. ನಿಮ್ಮದೂ ಹಂಗೇ ಮಾಡಿ. ಏನಾದ್ರೂ ಮಾಡೋಕೆ ಹೊರಡೋ ಮುಂಚೆ ಮನಸ್ಸು ಏನಂತು ಅಂತ ಎಡಗಡೆ, ‘ಬ್ಯಾಂಕ್ ಮ್ಯಾನೇಜರ್ ಮುಖಕ್ಕೆ ಹೊಡ್ದಂಗೆ ಮಾತಾಡ್ತಾನೆ’ ಅಂತ. ಸಂಜೆ ಬಂದು ಏನಾಯ್ತು ಅಂತ ಬಲಗಡೆ, ‘ಜೆರಾಕ್ಸ್ ಇನ್ನೊಂದು ಕೇಳಿದ್ರು, ಗುರುವಾರ ಬನ್ನಿ ಅಂದ್ರು’ ಅಂತ. ಮನಸ್ಸು ಹೇಳಿದ್ದೇ ಸರಿ ಆಗಿದ್ರೆ ಅದನ್ನೂ ಹಂಗೇ ಬರೀರಿ, ತಿದ್ದಬೇಡಿ, ಲೆಕ್ಕ ಸುಳ್ಳಾದ್ರೆ ಪುಸ್ತಕ ಇಟ್ಟು ಪ್ರಯೋಜನ ಇಲ್ಲ. ಫೋನಿನ ನೋಟ್ಸಲ್ಲಿ ಬರೆದ್ರೂ ಆಗತ್ತೆ, ಆದ್ರೆ ಫೋನ್ ತೆಗೆದ್ರೆ ಕೈ ಎಲ್ಲಿಗೆ ಹೋಗತ್ತೆ ಅಂತ ನಿಮಗೇ ಗೊತ್ತು, ಇಪ್ಪತ್ತು ರೂಪಾಯಿ ನೋಟ್‌ಬುಕ್ಕೇ ವಾಸಿ.